ಐದು ನಕ್ಷತ್ರದ ಆಯೇರಿ

ಗೊರೇಬಾಳದಲ್ಲಿ ಹಗಲು ಗೊಬ್ಬರದಂಗಡಿಯ ಲೆಕ್ಕ ಬರೆಯುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ನನ್ನ ಕಥೆಗಳು ಅಚ್ಚಾಗಿದ್ದು ಕಡಿಮೆ, ಮೊಬೈಲಿನಲ್ಲಿ ಓದುವ ಆ್ಯಪ್‌ಗಳಿಗೆ ಹಾಕಿದ್ದೇ ಹೆಚ್ಚು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನನ್ನಂಥವರೇ ಕೆಲವರು ಸೇರಿ ಒಬ್ಬರ ಕಥೆ ಇನ್ನೊಬ್ಬರು ಓದಿ ಅಂಕ ಹಾಕುವ ಸಣ್ಣದೊಂದು ಕೂಟವನ್ನೂ ನಡೆಸುತ್ತೇವೆ. 2005ರಲ್ಲಿ ‘ಸಂಪದ’ ಶುರುವಾದಾಗ ಅಂತರ್ಜಾಲದಲ್ಲಿ ಕನ್ನಡ ಬರೆಯುವುದೇ ಒಂದು ಸಾಹಸವಾಗಿತ್ತು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಂಥವು ಬಂದ ಮೇಲೆ ಸಂಪಾದಕರ ಒಪ್ಪಿಗೆಗೆ ಕಾಯುವ ಗೋಜೇ ಇಲ್ಲದಂತಾಯಿತು. ಬರೆದ, ಹಾಕಿದ, ಮರುದಿನವೇ ಓದುಗರು ಬಂದರು. ಸಂಪಾದಕ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಐದು ನಕ್ಷತ್ರಗಳು ಕೂತಿವೆ. ಆ ನಕ್ಷತ್ರಗಳ ನ್ಯಾಯ ಎಂಥದು ಎಂಬುದನ್ನು ಲೆಕ್ಕ ಬರೆಯುವವನ ಕಣ್ಣಿನಿಂದ ನೋಡುತ್ತಾ ಬಂದಿದ್ದೇನೆ. ಕಂಡಿದ್ದು ಇಷ್ಟು.

1. ನಕ್ಷತ್ರ ಅಳೆಯುವುದು ನಂಟನ್ನು

ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುವುದುಂಟು. ಯಾರು ಎಷ್ಟು ರೊಕ್ಕ ಇಟ್ಟರು, ಯಾರು ಸೀರೆ ಕೊಟ್ಟರು, ಯಾರು ಜಂಪರ್ ಪೀಸಿನಲ್ಲೇ ಮುಗಿಸಿದರು ಅನ್ನುವುದನ್ನು ಒಬ್ಬರು ಕೂತು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಆ ವಹಿ ವರ್ಷಗಟ್ಟಲೆ ಟ್ರಂಕಿನಲ್ಲಿ ಜೋಪಾನವಾಗಿರುತ್ತದೆ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ಅದನ್ನು ತೆಗೆದು ನೋಡಿ ಅಷ್ಟೇ, ಇಲ್ಲವೇ ತುಸು ಮೇಲೆ, ತಿರುಗಿ ಮಾಡಬೇಕು. ಇದರಲ್ಲಿ ತಪ್ಪೇನಿಲ್ಲ, ಊರು ನಿಂತಿರುವುದೇ ಇಂಥ ಕೊಡುಕೊಳ್ಳುವಿಕೆಯ ಮೇಲೆ. ಆದರೆ ಆಯೇರಿಯ ಮೊತ್ತ ಕೂಡಿಸಿ ಮದುಮಗಳು ಎಷ್ಟು ಚೆಲುವೆ ಎಂದು ಹೇಳುವವರು ಯಾರೂ ಇಲ್ಲ.

ಆ್ಯಪ್ ಮಾಡುತ್ತಿರುವುದು ಅದನ್ನೇ. “ಸರ, ನಿಮ್ಮ ಕಥಿಗೆ ಫೈವ್ ಸ್ಟಾರ್ ಕೊಟ್ಟೀನ್ರಿ, ನಂದೂ ಒಂಚೂರು ನೋಡ್ರಿ” ಎಂಬ ಸಂದೇಶ ಬಂತೆಂದರೆ ವಹಿಯಲ್ಲಿ ನನ್ನ ಹೆಸರು ಏರಿತು ಎಂದೇ ಅರ್ಥ. ತಿರುಗಿ ನಾಲ್ಕು ಕೊಟ್ಟರೆ ಬಾಕಿ ಉಳಿಯುತ್ತದೆ, ಮೂರು ಕೊಟ್ಟರೆ ಮಾತು ಬಿಡುತ್ತದೆ. ಕಾಲು ಗಂಟೆ ಹಿಡಿಯುವ ಕಥೆಯ ಕೆಳಗೆ ಹಾಕಿದ ಎರಡನೇ ನಿಮಿಷಕ್ಕೇ ‘ಅದ್ಭುತ ಸರ’ ಎಂದು ಬಿದ್ದಿರುವುದನ್ನು ಬರೆಯುವವರೆಲ್ಲ ನೋಡಿರುತ್ತಾರೆ. ಅದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ, ಅದು ಮರ್ಯಾದೆ. ಹೊಸದಾಗಿ ಬರೆಯುವವರಿಗೆ ಬೆನ್ನು ತಟ್ಟುವವರು ಬೇಕು ಕೂಡ. ತೊಂದರೆ ಇರುವುದು ಬೇರೆ ಕಡೆ. ಹಾವೇರಿಯಲ್ಲೋ ಹಾಸನದಲ್ಲೋ ಕುಳಿತು ಒಂದು ಒಳ್ಳೆಯ ಕಥೆ ಹುಡುಕುತ್ತಿರುವ ಓದುಗನಿಗೆ ಈ ಮರ್ಯಾದೆಯ ಲೆಕ್ಕ ಗೊತ್ತಿಲ್ಲ. ಅವನು 4.9 ಎಂಬ ಅಂಕಿ ನೋಡಿ ಅದು ಕಥೆಯ ಬೆಲೆ ಎಂದುಕೊಳ್ಳುತ್ತಾನೆ.

ಓದುಗರ ಅಂಕಗಳ ಅನ್ಯಾಯ ಅಂದ ಕೂಡಲೇ ಎಲ್ಲರೂ ಹೊಟ್ಟೆಕಿಚ್ಚಿನ ಒಂದು ನಕ್ಷತ್ರದ ಕಡೆ ಬೆರಳು ಮಾಡುತ್ತಾರೆ. ನಾನು ಕಂಡಂತೆ ಹೆಚ್ಚಿನ ಅನ್ಯಾಯ ನಡೆಯುವುದು ಪ್ರೀತಿಯ ಐದು ನಕ್ಷತ್ರಗಳಿಂದ.

2. ಹೆಸರು ಮುಚ್ಚಿಟ್ಟು ಬರೆಯುವವರ ವಹಿ ಖಾಲಿ

ನಮ್ಮ ಕೂಟದಲ್ಲಿ ಮಸ್ಕಿ ಕಡೆಯ ಅಕ್ಕ ಒಬ್ಬರಿದ್ದಾರೆ. ಬರೆಯುವುದು ಕಾವ್ಯನಾಮದಲ್ಲಿ. ಗಂಡನ ಮನೆಯವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಕಿಲ್ಲ ಅನ್ನುತ್ತಾರೆ. ಯಾಕೆಂದರೆ ಅವರ ಕಥೆಗಳಲ್ಲಿ ಬರುವುದು ನಾಟಿ ಹಚ್ಚುವ ಹೆಂಗಸರ ಕೂಲಿ ಜಗಳ, ಬಾಣಂತಿ ಕೋಣೆಯ ಮಾತು, ನಾದಿನಿಯರ ಪಾಲಿನ ವ್ಯಾಜ್ಯ. ಓದಿದ ಯಾವ ಅತ್ತೆಗಾದರೂ ‘ಇದು ನನ್ನ ಬಗ್ಗೆಯೇ’ ಅನ್ನಿಸುತ್ತದೆ. ನನ್ನ ಮಟ್ಟಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುವವರು ಅವರೇ.

ಅದೇ ಕೂಟದಲ್ಲಿ ಹೈಸ್ಕೂಲು ಮೇಷ್ಟ್ರೊಬ್ಬರೂ ಇದ್ದಾರೆ. ಅವರಿಗೆ ಸ್ಟಾಫಿನ ವಾಟ್ಸ್ಆ್ಯಪ್ ಗುಂಪು, ಹಳೇ ವಿದ್ಯಾರ್ಥಿಗಳ ಗುಂಪು, ಸಂಘದ ಗುಂಪು, ಓಣಿಯ ಗುಂಪು. ಕಥೆ ಹಾಕಿ ಎಲ್ಲ ಗುಂಪಿಗೂ ಲಿಂಕ್ ಬಿಟ್ಟರೆ ಸಂಜೆಯೊಳಗೆ ನಕ್ಷತ್ರಗಳ ರಾಶಿ. ಶಿಷ್ಯರು ಮೇಷ್ಟ್ರಿಗೆ ಮೂರು ನಕ್ಷತ್ರ ಕೊಡುತ್ತಾರೆಯೇ? ಅಕ್ಕ ಸ್ಟೇಟಸ್ಸಿಗೂ ಹಾಕುವಂತಿಲ್ಲ. ಹೊಸತಾಗಿ ಬಂದದ್ದರಲ್ಲಿ ಬೇಗ ಓಡಿದ್ದನ್ನು ಮೇಲಕ್ಕೆ ತರುವ ಯಾವ ಪಟ್ಟಿಯಾದರೂ ಮೊದಲ ದಿನವೇ ಅವರಿಬ್ಬರನ್ನು ಬೇರೆ ಬೇರೆ ದಾರಿಗೆ ಹಚ್ಚಿಬಿಡುತ್ತದೆ. ಮೇಲೆ ಹೋದದ್ದು ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದು ಇನ್ನಷ್ಟು ಮೇಲೆ ಹೋಗುತ್ತದೆ.

ಕಾವ್ಯನಾಮ ಕನ್ನಡಕ್ಕೆ ಹೊಸದೇನಲ್ಲ. ಅನಸೂಯಾ ಶಂಕರ್ ಎಂದರೆ ಯಾರು ಎಂದು ಕೇಳುವವರೂ ತ್ರಿವೇಣಿ ಎಂದರೆ ತಟ್ಟನೆ ಗುರುತಿಸುತ್ತಾರೆ. ಆದರೆ ಆಗ ಪುಸ್ತಕವನ್ನು ಓದುಗರ ಕೈಗೆ ಮುಟ್ಟಿಸುವ ಹೊಣೆ ಪ್ರಕಾಶಕರದು, ವಾರಪತ್ರಿಕೆಯದು, ಬಾಡಿಗೆ ಲೈಬ್ರರಿಯದು. ಲೇಖಕಿ ಮನೆಯೊಳಗೇ ಇದ್ದರೂ ಕಾದಂಬರಿ ಊರೂರು ಸುತ್ತಿ ಬರುತ್ತಿತ್ತು. ಈಗ ಸುತ್ತಿಸುವ ಕೆಲಸವೂ ಬರೆದವರದೇ. ಆಣೆ ಮಾಡಿ ಹೇಳಬಲ್ಲೆ: ಊರಲ್ಲಿ ಓಡಾಡುವ ಗಂಡಸಿನ ನಕ್ಷತ್ರಗಳನ್ನೂ ಮನೆಯೊಳಗಿನ ಹೆಂಗಸಿನ ನಕ್ಷತ್ರಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಇದಕ್ಕೆ ಯಾವ ಸೂತ್ರವೂ ಪೂರ್ತಿ ಮದ್ದಲ್ಲ. ಓದುಗರೇ ಪಟ್ಟಿಯ ಕೆಳಗಿನವರನ್ನು ಹುಡುಕಿ ಓದಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

3. ಒಂದು ನಕ್ಷತ್ರ ಚುಚ್ಚುವುದು ಹೊಸಬರನ್ನೇ

ಒಂಬತ್ತು ಜನ ಐದೈದು ಕೊಟ್ಟ ಕಥೆಗೆ ಒಬ್ಬ ಬಂದು ಒಂದು ಕೊಟ್ಟರೆ ಸರಾಸರಿ 5ರಿಂದ 4.6ಕ್ಕೆ ಇಳಿಯುತ್ತದೆ. ತೊಂಬತ್ತೊಂಬತ್ತು ಜನ ಕೊಟ್ಟ ಕಥೆಗೆ ಅದೇ ಮನುಷ್ಯ ಅದೇ ಒಂದನ್ನು ಕೊಟ್ಟರೆ 4.96. ಹೆಸರು ಮಾಡಿದವರಿಗೆ ಸೊಳ್ಳೆ ಕಚ್ಚಿದಂತೆಯೂ ಆಗುವುದಿಲ್ಲ. ಹಾಗಾಗಿ ‘ಒಂದು ನಕ್ಷತ್ರ ಬಿತ್ತೆಂದು ಅಳಬೇಡಿ’ ಎಂದು ಬುದ್ಧಿ ಹೇಳುವವರು ಸಾಮಾನ್ಯವಾಗಿ ಹೆಸರು ಮಾಡಿದವರು, ನೋವು ಹೊಸಬರದು.

ಇದು ನಮ್ಮಲ್ಲಷ್ಟೇ ಇದೆ ಅಂದುಕೊಳ್ಳಬೇಡಿ. 2023ರಲ್ಲಿ ಅಮೆರಿಕದ ಹೊಸ ಲೇಖಕಿಯೊಬ್ಬರು ತನ್ನ ಮೊದಲ ಪುಸ್ತಕ ಬರುವ ಮುಂಚೆಯೇ ಗುಡ್‌ರೀಡ್ಸ್‌ನಲ್ಲಿ ಸುಳ್ಳು ಖಾತೆಗಳನ್ನು ತೆರೆದು, ತನ್ನಂತೆಯೇ ಮೊದಲ ಪುಸ್ತಕ ತರುತ್ತಿದ್ದ ಬೇರೆಯವರಿಗೆ ಒಂದೊಂದು ನಕ್ಷತ್ರ ಹಾಕಿ, ತನಗೆ ಮೇಲಿನ ಅಂಕ ಕೊಟ್ಟುಕೊಂಡಿದ್ದು ಬಯಲಾಯಿತು. ಪ್ರಕಾಶಕರು ಡಿಸೆಂಬರಿನಲ್ಲಿ ಆ ಪುಸ್ತಕವನ್ನೇ ಕೈಬಿಟ್ಟರು. ಅದೇ ವರ್ಷದ ಜೂನಿನಲ್ಲಿ ಎಲಿಜಬೆತ್ ಗಿಲ್ಬರ್ಟ್ ಅವರ ‘ದ ಸ್ನೋ ಫಾರೆಸ್ಟ್’ ಕಾದಂಬರಿಗೆ, ಅದು ರಷ್ಯಾದ ನೆಲದಲ್ಲಿ ನಡೆಯುವ ಕಥೆ ಎಂಬ ಒಂದೇ ಕಾರಣಕ್ಕೆ, ನೂರಾರು ಜನ ಒಂದು ನಕ್ಷತ್ರ ಒತ್ತಿದರು. ಪುಸ್ತಕ ಇನ್ನೂ ಅಚ್ಚಾಗಿರಲೇ ಇಲ್ಲ! ಉಕ್ರೇನಿನ ಓದುಗರ ನೋವು ಅರ್ಥವಾಗುವಂಥದ್ದೇ, ಲೇಖಕಿಯೂ ಅದನ್ನು ಗೌರವಿಸಿ ಪ್ರಕಟಣೆ ನಿಲ್ಲಿಸಿದರು. ಆದರೆ ಯಾರೂ ಓದದ ಪುಸ್ತಕಕ್ಕೆ ಓದುಗರ ಅಂಕ ಬಿದ್ದಿದ್ದು ಮಾತ್ರ ವಿಚಿತ್ರ.

4. ಎಷ್ಟು ಜನ ಕೊಟ್ಟರು ಎಂದು ನೋಡದೆ ಸರಾಸರಿ ನೋಡಬಾರದು

ಇದು ನನ್ನ ಕಸುಬಿಗೆ ಹತ್ತಿರದ ಮಾತು, ಆದ್ದರಿಂದ ತುಸು ಬಿಡಿಸಿ ಹೇಳುತ್ತೇನೆ. ನಾಲ್ಕು ಜನ ಐದೈದು ಕೊಟ್ಟ ಕಥೆ ‘ಅ’. ಇನ್ನೂರು ಜನ ಓದಿ ಸರಾಸರಿ 4.7 ಬಂದ ಕಥೆ ‘ಬ’. ಬರೀ ಸರಾಸರಿ ಹಿಡಿದು ಸಾಲಾಗಿ ನಿಲ್ಲಿಸಿದರೆ ‘ಅ’ ಮುಂದೆ ನಿಲ್ಲುತ್ತದೆ. ಆ ನಾಲ್ವರು ಕಥೆಗಾರನ ತಮ್ಮ, ಭಾವ, ಗೆಳೆಯ ಮತ್ತು ಸ್ವತಃ ಕಥೆಗಾರನ ಇನ್ನೊಂದು ಸಿಮ್ ಇರಬಹುದು.

ಸಿನಿಮಾಗಳಿಗೆ ಅಂಕ ಹಾಕುವ ಐಎಂಡಿಬಿ ತನ್ನ ಮೊದಲ 250 ಸಿನಿಮಾಗಳ ಪಟ್ಟಿಗೆ ಬಹಳ ಕಾಲ ಬಳಸಿದ ಸೂತ್ರ ಸರಳವಾದದ್ದು. ಪ್ರತಿ ಸಿನಿಮಾಕ್ಕೂ ಒಂದಿಷ್ಟು ಕಾಲ್ಪನಿಕ ಪ್ರೇಕ್ಷಕರನ್ನು ಸೇರಿಸು, ಅವರೆಲ್ಲ ಇಡೀ ತಾಣದ ಸಾಮಾನ್ಯ ಸರಾಸರಿಯನ್ನೇ ಕೊಟ್ಟರೆಂದು ಹಿಡಿ, ಆಮೇಲೆ ಭಾಗಿಸು. ನಮ್ಮ ಲೆಕ್ಕಕ್ಕೆ ಹಚ್ಚಿ ನೋಡೋಣ. ಕಥೆಗಳ ಸಾಮಾನ್ಯ ಸರಾಸರಿ 4.5 ಇರಲಿ, ಕಾಲ್ಪನಿಕ ಓದುಗರು 25 ಇರಲಿ. ‘ಅ’ ಕಥೆಗೆ 20 ಕೂಡಿಸು 112.5, ಒಟ್ಟು 132.5. ಅದನ್ನು 29ರಿಂದ ಭಾಗಿಸಿದರೆ 4.57. ‘ಬ’ ಕಥೆಗೆ 940 ಕೂಡಿಸು 112.5, ಒಟ್ಟು 1052.5. ಅದನ್ನು 225ರಿಂದ ಭಾಗಿಸಿದರೆ 4.68. ‘ಬ’ ಮುಂದೆ ಬಂತು. ‘ಅ’ ಕೆಟ್ಟ ಕಥೆ ಎಂದು ಈ ಸೂತ್ರ ಹೇಳುವುದಿಲ್ಲ, ಇನ್ನಷ್ಟು ಜನ ಓದಲಿ, ಆಮೇಲೆ ಮಾತಾಡೋಣ ಅನ್ನುತ್ತದೆ. ಒಂದು ನಕ್ಷತ್ರದ ಏಟಿಗೂ ಇದು ತಕ್ಕಮಟ್ಟಿಗೆ ಗುರಾಣಿ. ಹೊಸ ಕಥೆಗೆ ಬಿದ್ದ ಮೊದಲ ಒಂದು ನಕ್ಷತ್ರವನ್ನು ಆ 25 ಜನ ಹೀರಿಕೊಳ್ಳುತ್ತಾರೆ.

ಕಥೆ ಹಾಕಲು ಜಾಗ ಕೊಡುವ ಯಾವ ಆ್ಯಪ್ ಆದರೂ ತನ್ನ ಪಟ್ಟಿ ಯಾವ ಲೆಕ್ಕದಲ್ಲಿ ನಿಲ್ಲುತ್ತದೆ ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

5. ಧಾರಾವಾಹಿಯಲ್ಲಿ ಕೊನೆಗೆ ಉಳಿಯುವವರು ಅಭಿಮಾನಿಗಳಷ್ಟೇ

ಕಂತುಗಳಲ್ಲಿ ಬರುವ ಪ್ರೇಮಕಥೆಗಳ ಸರಾಸರಿ ಯಾಕೆ ಯಾವಾಗಲೂ ಸಣ್ಣಕಥೆಗಳಿಗಿಂತ ಮೇಲಿರುತ್ತದೆ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ‘ಜನರ ರುಚಿ ಕೆಟ್ಟಿದೆ’ ಎಂಬ ಸಿದ್ಧ ಉತ್ತರ ಸಾಹಿತ್ಯದವರ ಬಾಯಲ್ಲಿ ಸದಾ ತಯಾರಿರುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಲೆಕ್ಕ ಹಾಕಿ ನೋಡಿದರೆ ಕಾರಣ ಬೇರೆಯೇ.

ನೂರು ಜನ ಮೊದಲ ಕಂತು ಓದಿದರು ಎನ್ನಿ. ಐವತ್ತು ಜನಕ್ಕೆ ಇಷ್ಟವಾಯಿತು, ಐದು ಕೊಟ್ಟರು. ಮೂವತ್ತು ಜನಕ್ಕೆ ಪರವಾಗಿಲ್ಲ ಅನ್ನಿಸಿತು, ಮೂರು ಕೊಟ್ಟರು. ಇಪ್ಪತ್ತು ಜನಕ್ಕೆ ಹಿಡಿಸಲಿಲ್ಲ, ಒಂದು ಕೊಟ್ಟರು. ಸರಾಸರಿ 3.6. ಹಿಡಿಸದವರು ಎರಡನೇ ಕಂತಿಗೆ ಬರುವುದಿಲ್ಲ, ಅವರಿಗೇನು ಗ್ರಹಚಾರ? ಹತ್ತನೇ ಕಂತಿಗೆ ಮೆಚ್ಚಿದವರಲ್ಲಿ ನಲವತ್ತೈದು, ಪರವಾಗಿಲ್ಲ ಅಂದವರಲ್ಲಿ ಹದಿನೈದು ಉಳಿದರೆ ಸರಾಸರಿ 4.5. ನಲವತ್ತನೇ ಕಂತಿಗೆ ಮೆಚ್ಚಿದ ಮೂವತ್ತೇ ಜನ ಉಳಿದರು ಎಂದಿಟ್ಟುಕೊಳ್ಳಿ, ಸರಾಸರಿ ಪೂರಾ ಐದು. ಕಥೆ ಒಂದಿಷ್ಟೂ ಸುಧಾರಿಸಿಲ್ಲ, ಓದುಗರು ಎಪ್ಪತ್ತು ಕಮ್ಮಿಯಾಗಿದ್ದಾರೆ, ಅಂಕ ಮಾತ್ರ ಏರುತ್ತಲೇ ಹೋಗಿದೆ. ಕಂತು ಕಂತಿನ ಅಂಕಗಳನ್ನೆಲ್ಲ ಕೂಡಿಸಿ ಭಾಗಿಸಿದರೆ ಉದ್ದ ಎಳೆದವರೇ ಗೆದ್ದರು.

ಸಣ್ಣಕಥೆ ಬರೆಯುವವನ ಪಾಡು ಹಾಗಲ್ಲ. ಮೆಚ್ಚಿದವರೂ ಬೈದವರೂ ಒಂದೇ ಬಾಗಿಲಲ್ಲಿ ನಿಂತು ಒಂದೇ ಸಲ ಅಂಕ ಹಾಕಿ ಹೋಗುತ್ತಾರೆ. ಹಾಗಾಗಿ ಧಾರಾವಾಹಿಗೂ ಸಣ್ಣಕಥೆಗೂ ಒಂದೇ ಪಟ್ಟಿ ಮಾಡುವುದು ತಪ್ಪು. ಧಾರಾವಾಹಿಯನ್ನು ಅಳೆಯಲೇಬೇಕು ಎಂದರೆ ಮೊದಲ ಕಂತು ಓದಿದವರಲ್ಲಿ ಎಷ್ಟು ಪಾಲು ಕೊನೆಯ ಕಂತಿಗೆ ಬಂದರು ಎಂದು ನೋಡಬೇಕು. ಅಲ್ಲಿ ಆಯೇರಿ ನಡೆಯುವುದು ಕಷ್ಟ. ಮರ್ಯಾದೆಗಾಗಿ ಯಾರೂ ನಲವತ್ತು ಕಂತು ಓದುವುದಿಲ್ಲ.

6. ಮೂರು ಎಂದರೆ ಫಸ್ಟ್ ಕ್ಲಾಸ್

ನಮ್ಮ ಸುತ್ತಮುತ್ತಲ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲ್ಲು ಬೆಳೆಯುತ್ತಾ ನೆಲೆನಿಂತವರ ಮಕ್ಕಳು, ಮೊಮ್ಮಕ್ಕಳು. ಅಂಥದೊಂದು ಕ್ಯಾಂಪಿನ ಹೆಣ್ಣುಮಗಳೊಬ್ಬಳು ಕನ್ನಡ ಕಥೆಗಳನ್ನು ಮೊಬೈಲಿನಲ್ಲಿ ಒಂದೂ ಬಿಡದೆ ಓದುತ್ತಾಳೆ. ಅವಳಿಗೆ ಯಾವ ಲೇಖಕನೂ ಬಳಗವಲ್ಲ. ಒಂದು ಕಥೆಗೆ ಮೂರು ನಕ್ಷತ್ರ ಕೊಟ್ಟದ್ದಕ್ಕೆ ನಮ್ಮ ಕೂಟದ ಕಥೆಗಾರರೊಬ್ಬರು ಮುನಿಸಿಕೊಂಡು ‘ಏನು ತಪ್ಪು ಕಂಡಿತಮ್ಮಾ’ ಎಂದು ಕೇಳಿದರೆ, ‘ತಪ್ಪೇನಿಲ್ಲ ಅಣ್ಣಾ, ಐದಕ್ಕೆ ಮೂರು ಅಂದ್ರ ಅರವತ್ತು ಪರ್ಸೆಂಟ್, ಫಸ್ಟ್ ಕ್ಲಾಸಿನ್ಯಾಗ ಪಾಸ್ ಮಾಡೀನಲ್ಲ’ ಅಂದಳು.

ಅವಳ ಲೆಕ್ಕದಲ್ಲಿ ಕಿಂಚಿತ್ತೂ ತಪ್ಪಿಲ್ಲ. ಗುಡ್‌ರೀಡ್ಸ್‌ನಲ್ಲೂ ಮೂರು ನಕ್ಷತ್ರ ಎಂದರೆ ‘ಇಷ್ಟವಾಯಿತು’ ಎಂದೇ ಅರ್ಥ, ಎರಡು ಎಂದರೆ ‘ಪರವಾಗಿಲ್ಲ’. ನಮ್ಮಲ್ಲಿ ಐದು ಎಂದರೆ ಪಾಸು, ನಾಲ್ಕು ಎಂದರೆ ಮುನಿಸು, ಮೂರು ಎಂದರೆ ಹಗೆ. ಅಳತೆಗೋಲಿನ ಮೇಲಿನ ಗೆರೆಯನ್ನಷ್ಟೇ ಎಲ್ಲರೂ ಬಳಸಿದರೆ ಆ ಕೋಲಿನಿಂದ ಏನನ್ನೂ ಅಳೆಯಲಾಗುವುದಿಲ್ಲ. ಯೂಟ್ಯೂಬಿಗೆ ಇದು 2009ರಲ್ಲೇ ಅರ್ಥವಾಗಿತ್ತು. ಬಹುಪಾಲು ಎಲ್ಲರೂ ಐದನ್ನೇ ಒತ್ತುತ್ತಾರೆ ಎಂದು ಅವರೇ ಬರೆದುಕೊಂಡು, ಮರುವರ್ಷ ನಕ್ಷತ್ರ ತೆಗೆದು ಹೆಬ್ಬೆರಳು ತಂದರು. ನೆಟ್‌ಫ್ಲಿಕ್ಸ್ 2017ರಲ್ಲಿ ಅದೇ ಹಾದಿ ಹಿಡಿಯಿತು.

ಈ ಹೆಣ್ಣುಮಗಳ ಮೂರು ನಕ್ಷತ್ರ ನನಗೆ ಮೇಷ್ಟ್ರ ಶಿಷ್ಯರ ಐದಕ್ಕಿಂತ ಹೆಚ್ಚು ತೂಕದ್ದು. ಯಾಕೆಂದರೆ ಅವಳು ಒಂದು, ಎರಡು, ನಾಲ್ಕು ಕೊಟ್ಟದ್ದೂ ಇದೆ. ಯಾವಾಗಲೂ ಐದೇ ಕೊಡುವವರ ಐದಕ್ಕೆ ಕಡಿಮೆ ಬೆಲೆ ಕಟ್ಟಿ, ಅಳೆದು ಕೊಡುವವರ ಅಂಕಕ್ಕೆ ಹೆಚ್ಚು ಬೆಲೆ ಕಟ್ಟುವುದು ಯಂತ್ರಕ್ಕೆ ದೊಡ್ಡ ಕೆಲಸವೇನಲ್ಲ.

7. ಮೊದಲು ಬಿದ್ದ ಅಂಕ ಉಳಿದವರ ಕೈ ಹಿಡಿದು ಬರೆಸುತ್ತದೆ

ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಮೂವರು ಒಂದು ಸುದ್ದಿ ತಾಣದಲ್ಲಿ ಮಾಡಿದ ಪ್ರಯೋಗ 2013ರ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಯಾವ ಗುಣವನ್ನೂ ನೋಡದೆ, ಚೀಟಿ ಎತ್ತಿದ ಹಾಗೆ ಕೆಲವು ಅಭಿಪ್ರಾಯಗಳಿಗೆ ಆರಂಭದಲ್ಲೇ ಒಂದೇ ಒಂದು ಮೆಚ್ಚುಗೆ ಕೊಟ್ಟು ಬಿಟ್ಟರು. ಅಷ್ಟಕ್ಕೇ ಅವುಗಳ ಕೊನೆಯ ಅಂಕ ಸರಾಸರಿ ನೂರಕ್ಕೆ ಇಪ್ಪತ್ತೈದರಷ್ಟು ಏರಿತು. ಸುಳ್ಳು ತಿರಸ್ಕಾರ ಕೊಟ್ಟವುಗಳನ್ನು ಮಾತ್ರ ಜನ ‘ಛೇ ಪಾಪ’ ಎಂದು ಮೇಲೆತ್ತಿ ಸರಿಮಾಡಿಬಿಟ್ಟರು. ಅಂದರೆ ಸುಳ್ಳು ನಿಂದೆಯನ್ನು ಜನ ತಿದ್ದುತ್ತಾರೆ, ಸುಳ್ಳು ಹೊಗಳಿಕೆಯನ್ನು ಬೆಳೆಸುತ್ತಾರೆ. ಪ್ರೀತಿಯ ಐದರ ಬಗ್ಗೆ ಮೊದಲು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದ್ದರಿಂದ ಓದುವ ಮುಂಚೆ ಯಾರಿಗೂ ಅಂಕ ಕಾಣಬಾರದು. ತನ್ನದನ್ನು ಕೊಟ್ಟ ಮೇಲೆ ಉಳಿದವರದು ಕಾಣಲಿ.

8. ರಾಯಚೂರಿನ ಮಾತಿಗೆ ನಕ್ಷತ್ರ ಕಡಿತ

‘ಕಥೆ ಚೆನ್ನಾಗಿದೆ, ಭಾಷೆ ಅರ್ಥವಾಗಲಿಲ್ಲ, ಹಾಗಾಗಿ ಮೂರು.’ ಇಂಥ ಅಭಿಪ್ರಾಯ ನಮ್ಮ ಕೂಟದ ಪ್ರತಿಯೊಬ್ಬರಿಗೂ ಬಂದಿದೆ. ‘ಹೊಂಟಿದ್ದ’, ‘ಹಿಂಗ್ಯಾಕ’, ‘ಬ್ಯಾಸರಿಕಿ’ ಅನ್ನುವ ಮಾತುಗಳು ಪಾತ್ರಗಳ ಬಾಯಲ್ಲಿ ಬಂದರೂ ಕೆಲವರಿಗೆ ಕಾಗುಣಿತದ ತಪ್ಪಾಗಿ ಕಾಣುತ್ತವೆ. ಬೆಂಗಳೂರು-ಮೈಸೂರಿನ ಓದುಗರ ಸಂಖ್ಯೆ ದೊಡ್ಡದು, ಅವರ ಕಿವಿಗೆ ಒಗ್ಗಿದ ಕನ್ನಡಕ್ಕೆ ಹೆಚ್ಚು ಅಂಕ ಬೀಳುವುದು ಸಹಜ. ಹೀಗಾಗಿ ನಮ್ಮ ಕಡೆಯ ಹುಡುಗರು ಸಿಂಧನೂರಿನ ಎಪಿಎಂಸಿಯಲ್ಲಿ ನಡೆಯುವ ಕಥೆಯನ್ನೂ ಜಯನಗರದ ಕನ್ನಡದಲ್ಲಿ ಬರೆಯಲು ಶುರುಮಾಡಿದ್ದಾರೆ. ಹಮಾಲಿ ಮಾಡುವವನ ಬಾಯಲ್ಲಿ ‘ನಾನು ಹೊರಡುತ್ತೇನೆ ಯಜಮಾನರೇ’ ಎಂಬ ಮಾತು! ನಕ್ಷತ್ರ ಮಾಡುವ ಕೆಡುಕುಗಳಲ್ಲಿ ನನ್ನ ಹೊಟ್ಟೆ ಉರಿಸುವುದು ಇದೇ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ಆ ಮಾತು ಓದಲು ತೊಡಕು ಎಂದು ತಕರಾರು ಎತ್ತಿದವರು ಕಡಿಮೆಯಿರಲಿಲ್ಲ. ನಮ್ಮ ರಾಯಚೂರಿನವರಿಗಂತೂ ಅದು ಇನ್ನೂ ದೂರದ ಕನ್ನಡ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೊದಲ ವಾರದಲ್ಲೇ ಅದನ್ನು ಆ್ಯಪಿಗೆ ಹಾಕಿ ನಕ್ಷತ್ರ ಕೇಳಿದ್ದರೆ ಎಷ್ಟು ಬೀಳುತ್ತಿತ್ತು ಎಂದು ನೀವೇ ಊಹಿಸಿ. ಮಾನ್ವಿ ಸೀಮೆಯ ನುಗಡೋಣಿಯಿಂದ ಬಂದ ಅಮರೇಶ ನುಗಡೋಣಿಯವರ ಕಥೆಗಳನ್ನು ಇಡೀ ಕನ್ನಡ ನಾಡು ಓದಿದೆ. ಅವು ಬಂದದ್ದು ಪತ್ರಿಕೆ, ಪುಸ್ತಕಗಳ ದಾರಿಯಲ್ಲಿ, ಕಥೆಯನ್ನು ಎರಡು ಸಲ ಓದುವ ತಾಳ್ಮೆಯಿದ್ದ ಸಂಪಾದಕರ ಕೈ ದಾಟಿ. ಸಂಪಾದಕರ ಪಕ್ಷಪಾತ ನಮಗೆ ಗೊತ್ತಿಲ್ಲದ್ದಲ್ಲ, ಅದನ್ನು ಬೈದುಕೊಂಡೇ ಆ್ಯಪಿಗೆ ಬಂದವರು ನಾವು. ಆದರೂ ತನಗೆ ಅರ್ಥವಾಗದ ಮಾತನ್ನು ಒಬ್ಬ ಸಂಪಾದಕ ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ನಕ್ಷತ್ರ ಯಾರನ್ನೂ ಕೇಳುವುದಿಲ್ಲ.

9. ಹೆಸರು ತೆಗೆದು ಓದಿದರೆ ಅರ್ಧ ದಾರಿ ಸಾಗಿದಂತೆ

ನಮ್ಮ ಪಕ್ಕದ ಮಸ್ಕಿ ಇತಿಹಾಸದಲ್ಲಿ ಹೆಸರಾದದ್ದೇ ಒಂದು ಹೆಸರಿನಿಂದ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಬಿರುದು ಮಾತ್ರ ಕಂಡಿದ್ದ ವಿದ್ವಾಂಸರಿಗೆ ಆ ರಾಜ ಯಾರೆಂಬುದು ಖಚಿತವಾಯಿತು. ಅಂಥ ಊರಿನ ಪಕ್ಕದಲ್ಲೇ ಕುಳಿತು ನಾವು ಹೆಸರು ಅಳಿಸುವ ಕೆಲಸ ಮಾಡುತ್ತಿದ್ದೇವೆ.

ಕ್ರಮ ಇಷ್ಟೇ. ಕಥೆಗಳೆಲ್ಲ ಒಬ್ಬರಿಗೆ ಹೋಗುತ್ತವೆ. ಅವರು ಹೆಸರು ತೆಗೆದು, ಒಂದೇ ಗಾತ್ರದ ಅಕ್ಷರಕ್ಕೆ ತಂದು, ಉಳಿದವರಿಗೆ ಕಳಿಸುತ್ತಾರೆ. ಆ ಸಲ ಅವರು ಅಂಕ ಹಾಕುವಂತಿಲ್ಲ. ಅಂಕ ಅವರೊಬ್ಬರಿಗೇ ಹೋಗುತ್ತದೆ, ಎಲ್ಲರದೂ ಬಂದ ಮೇಲೆಯೇ ಒಟ್ಟಿಗೆ ಬಿಚ್ಚುವುದು. ನಾವು ಕಂಡುಹಿಡಿದದ್ದೇನಲ್ಲ ಇದು. ‘ಲೇಖಕರ ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿರಲಿ, ಕಥೆಯ ಪುಟಗಳಲ್ಲಿ ಎಲ್ಲೂ ಹೆಸರು ಬರಬಾರದು’ ಎಂಬ ಸೂಚನೆ ಕನ್ನಡದ ಕಥಾಸ್ಪರ್ಧೆಗಳ ಪ್ರಕಟಣೆಯಲ್ಲಿ ಹಳೆಯದು. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಿಂದ ಎಲ್ಲಿಯದೋ ಹಳ್ಳಿಯ ಹುಡುಗ ಒಮ್ಮೆಲೇ ಬೆಳಕಿಗೆ ಬಂದದ್ದು ಇದರಿಂದಲೇ.

ಇದರಿಂದ ಏನಾಯಿತು? ಮಸ್ಕಿ ಕಡೆಯ ಅಕ್ಕನ ಕಥೆಗಳು ನಮ್ಮ ಸಾಲಿನಲ್ಲಿ ಮೇಲೆ ಬಂದವು. ಮೇಷ್ಟ್ರ ಕಥೆಗಳು ಮಧ್ಯದಲ್ಲಿ ನಿಂತವು, ಅವರು ಎರಡು ಸಲ ಕೂಟಕ್ಕೆ ಬರಲಿಲ್ಲ, ಆಮೇಲೆ ಬಂದರು, ಈಗ ಮೊದಲಿಗಿಂತ ಬಿಗಿಯಾಗಿ ಬರೆಯುತ್ತಿದ್ದಾರೆ. ಆದರೆ ಸಣ್ಣ ಕೂಟದಲ್ಲಿ ಹೆಸರು ಬಹಳ ದಿನ ಮುಚ್ಚಿಡಲಾಗುವುದಿಲ್ಲ. ಎತ್ತಿನ ಗಾಡಿ ಬಂದರೆ ಇಂಥವರ ಕಥೆ, ಬಾಣಂತಿ ಬಂದರೆ ಅಕ್ಕನ ಕಥೆ ಎಂದು ಮೂರನೇ ಸಾಲಿಗೇ ವಾಸನೆ ಹತ್ತುತ್ತದೆ. ಅದಕ್ಕೇ ಆಗಾಗ ಹೊರಗಿನವರನ್ನು ಕರೆಯುತ್ತೇವೆ. ಕ್ಯಾಂಪಿನ ಆ ಹೆಣ್ಣುಮಗಳು ನಮ್ಮ ಖಾಯಂ ಪರೀಕ್ಷಕಿ.

10. ಒಂದು ಪ್ರಶ್ನೆ ಸಾಲದು

‘ಎಷ್ಟು ನಕ್ಷತ್ರ?’ ಎಂದು ಕೇಳಿದರೆ ಓದುಗರು ಕಥೆ, ಕಥೆಗಾರ, ತಮ್ಮ ಆ ದಿನದ ಮನಸ್ಸು ಮೂರನ್ನೂ ಕಲಸಿ ಒಂದು ಅಂಕಿ ಕೊಡುತ್ತಾರೆ. ನಾವು ಎರಡು ಪ್ರಶ್ನೆ ಕೇಳುತ್ತೇವೆ. ಓದುತ್ತಾ ಎಲ್ಲಿ ನಿಂತಿರಿ? ಬರೆದವರು ಯಾರೆಂದೇ ಗೊತ್ತಿಲ್ಲದ ಒಬ್ಬರಿಗೆ ಇದನ್ನು ಓದಲು ಕಳಿಸುತ್ತೀರಾ? ಮೊದಲನೆಯದು ಬರೆಯುವವರಿಗೆ, ಎರಡನೆಯದು ಪಟ್ಟಿಗೆ. ಎರಡನೆಯದಕ್ಕೆ ಹೌದು, ಇಲ್ಲ ಎಂದಷ್ಟೇ ಉತ್ತರ. ‘ಹೌದು ಅಂದ್ರ ಕಳಿಸಿಬಿಡ್ರಿ ಹಂಗಾರ’ ಎಂದು ನಗುವವರಿದ್ದಾರೆ. ಕೆಲವರು ನಿಜವಾಗಿಯೂ ಕಳಿಸುತ್ತಾರೆ.

ಮೊದಲ ಪ್ರಶ್ನೆ ಕಲಿಸಿದಷ್ಟು ನನಗೆ ಯಾವ ನಕ್ಷತ್ರವೂ ಕಲಿಸಿಲ್ಲ. ಒಂದು ಕಥೆಯನ್ನು ನಾಲ್ಕು ಜನ ಒಂದೇ ಪ್ಯಾರಾದಲ್ಲಿ ಬಿಟ್ಟರೆ ಅಲ್ಲಿ ಏನೋ ಇದೆ ಎಂದರ್ಥ. ಸಾಮಾನ್ಯವಾಗಿ ಅಲ್ಲಿ ಇರುವುದು ಊರಿನ ವರ್ಣನೆ.

ವಸ್ತು, ಸೇವೆಗಳ ಬಗ್ಗೆ ಅಂತರ್ಜಾಲದಲ್ಲಿ ಬರುವ ಗ್ರಾಹಕರ ಅಭಿಪ್ರಾಯಗಳಿಗೆ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಕುಕ್ಕರಿನ ಬಗ್ಗೆ ಬರೆದವರು ಯಾರು, ರೊಕ್ಕ ತೆಗೆದುಕೊಂಡು ಬರೆದರೇ, ಕೆಟ್ಟ ಮಾತನ್ನು ಕಂಪನಿ ಮುಚ್ಚಿಟ್ಟಿತೇ ಎಂಬುದನ್ನೆಲ್ಲ ಅದು ವಿಚಾರಿಸುತ್ತದೆ. ಹವ್ಯಾಸಿ ಕಥೆಗೆ ಇಂಥದೊಂದು ಸರ್ಕಾರಿ ಮಾನದಂಡ ಬೇಕು ಎಂದು ನಾನು ಕೇಳುತ್ತಿಲ್ಲ, ಬಂದರೆ ಓಡಿಹೋಗುವವರಲ್ಲಿ ಮೊದಲಿಗ ನಾನೇ. ಓದುಗರಾದ ನಿಮ್ಮಲ್ಲಿ ಕೇಳುವುದು ಇಷ್ಟು: ಪೂರ್ತಿ ಓದದ ಕಥೆಗೆ ನಕ್ಷತ್ರ ಒತ್ತಬೇಡಿ, ಐದನ್ನೂ ಒತ್ತಬೇಡಿ, ಒಂದನ್ನೂ ಒತ್ತಬೇಡಿ. ಓದುತ್ತಾ ಎಲ್ಲಿ ಬಿಟ್ಟಿರೋ ಆ ಸಾಲನ್ನು ಬರೆದವರಿಗೆ ತಿಳಿಸಿ. ಮತ್ತು ವಾರಕ್ಕೊಂದಾದರೂ, ಒಂದೂ ನಕ್ಷತ್ರ ಬೀಳದ, ಹೆಸರು ಕೇಳಿರದವರ ಕಥೆ ತೆರೆದು ನೋಡಿ.